ಗೂಟಕ್ಕೆ ಕಟ್ಟಿದ ಕಾರಂಜಿ

ಆ ಸಂಜೆ ನಾವು ಗಂಡ ಹೆಂಡತಿ ಜಗಳವಾಡಿದ್ದು ಒಂದು ಕಾರಂಜಿಯ ಎತ್ತರದ ಬಗ್ಗೆ. ಅದಿನ್ನೂ ಅಂಗಡಿಯಲ್ಲೇ ಇತ್ತು ಎಂಬುದು ಬೇರೆ ಮಾತು.

ಬೆಟಗೇರಿಯ ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಹೊಂಡವಿದೆ. ಸಣ್ಣದೆಂದರೆ, ಎಮ್ಮೆ ಇಳಿದರೆ ನೀರಿಗೆ ಜಾಗ ಉಳಿಯುವುದಿಲ್ಲ, ಅಷ್ಟು. ನಿಂತ ನೀರು ನೋಡಿ ಬೇಸತ್ತ ನನ್ನ ಹೆಂಡತಿ ಗಿರಿಜಾ, ಅದರಲ್ಲೊಂದು ತೇಲುವ ಕಾರಂಜಿ ಬಿಡೋಣ ಎಂದಿದ್ದಳು. ಆಳೆತ್ತರ ಹಾರುವಂಥದ್ದೇ ಇರಲಿ ಎಂದೆ ನಾನು.

"ಯಾಕ್ರೀ, ಹೊಂಡಕ್ಕೇನ ಬೆಂಕಿ ಬಿದ್ದೈತೇನು? ಮೊಣಕಾಲ ಮಟ್ಟ ಎದ್ದರ ಸಾಕು. ನನಗ ಬೇಕಾಗಿದ್ದು ನೀರಿನ ಸಪ್ಪಳ," ಎಂದಳು.

"ಆತು, ನಾಳೆ ಹೋಗಿ ನೋಡೂಣು," ಎಂದೆ.

ಮರುದಿನ ಬೆಳಿಗ್ಗೆ ಗಿರಿಜಾ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಎಷ್ಟೋ ತಿಂಗಳ ಮೇಲೆ ಒಬ್ಬನೇ ಗದಗಿನ ಅಂಗಡಿಗೆ ಹೋದೆ. ನೀರು ಚಿಮ್ಮುವ ಮೂತಿ ಮೊಣಕಾಲ ಮಟ್ಟದ್ದು ಬೇಕೋ ಆಳೆತ್ತರದ್ದೋ ಎಂದು ಕೇಳಿದರು. ಎರಡೂ ಜೊತೆಗೇ ಬರುತ್ತವಂತೆ. ಆಳೆತ್ತರದ್ದನ್ನೇ ಹಾಕಿಸಿದೆ. ಮದುವೆಯಾದಾಗಿನಿಂದ ನಾನು ಗೆದ್ದ ಮೊದಲ ವಾದ ಅದು. ಎದುರಿಗೆ ಯಾರೂ ಇರಲಿಲ್ಲ.

ನಮ್ಮ ಕಡೆಯ ಹಿರಿಯರು ನೀರನ್ನು ಮೇಲಕ್ಕೆ ಹಾರಿಸಿದವರಲ್ಲ. ಲಕ್ಕುಂಡಿಯ ಬಾವಿಗಳಲ್ಲಿ ಮೆಟ್ಟಿಲು ಕಡಿದು, ಮನುಷ್ಯನನ್ನೇ ತಲೆ ಬಗ್ಗಿಸಿ ನೀರಿನ ಹತ್ತಿರ ಇಳಿಸಿದರು. ಈ ಜಾಣತನ ನನಗೆ ಹೊಳೆದದ್ದು ಬಟ್ಟೆ ತೊಯ್ದ ಮೇಲೆ.

ಕಾರಂಜಿಯನ್ನು ನೀರಿಗಿಳಿಸಲು ಪಕ್ಕದ ಮನೆಯ ಫಕೀರಪ್ಪ ಬಂದ. ಎಮ್ಮೆ ಕಟ್ಟಿಕೊಂಡವನು. ಕಾರಂಜಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದ. ಎರಡೂ ದಂಡೆಗೆ ಹಗ್ಗ ಬಿಗಿಯಬೇಕಂತೆ ಎಂದೆ.

"ಎಮ್ಮಿಗೆ ಎರಡ ಹಗ್ಗ ಯಾರರ ಕಟ್ತಾರೇನ್ರೀ ಕಾಕಾ? ಒಂದ ಗೂಟ, ಒಂದ ಹಗ್ಗ. ಎಲ್ಲಿ ಹೊಕ್ಕೈತಿ ಅದು?"

ಹೋಯಿತು. ನಮ್ಮ ಗಾಳಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ದೈತ್ಯ ರೆಕ್ಕೆಗಳನ್ನೇ ತಿರುಗಿಸುವಂಥದ್ದು. ಇದು ಯಾವ ಲೆಕ್ಕ? ಗುಂಡಿ ಒತ್ತಿದ್ದೇ ತಡ, ಕಾರಂಜಿ ಆಳೆತ್ತರ ಎದ್ದು, ಹಗ್ಗ ಎಳೆದುಕೊಂಡು ಆಚೆ ದಂಡೆಗೆ ಮೇಯಲು ಹೊರಟಿತು. ಅಲ್ಲಿ ಹೊರಸು ಮಂಚದ ಮೇಲೆ ಫಕೀರಪ್ಪನ ಹೆಂಡತಿ ನೀಲವ್ವ ಶಾವಿಗೆ ಒಣಹಾಕಿದ್ದಳು. ಪ್ರತಿ ಬೇಸಿಗೆ ಗಿರಿಜಾ ಮತ್ತು ಅವಳು ಕೂಡಿಯೇ ಅಲ್ಲಿ ಒಣಗಿಸುತ್ತಿದ್ದರು.

"ಅಯ್ಯ ನಮ್ಮವ್ವಾ!" ನೀಲವ್ವ ಓಡಿ ಬಂದಳು. "ಒಣಗಾಕ ಹಾಕಿದ ಶಾವಿಗಿನ ಇಲ್ಲೇ ಪಾಯಸ ಮಾಡಿಬಿಟ್ರಲ್ರೀ! ನಿಂತು ಏನ ನೋಡ್ತೀರಿ, ಬೆಲ್ಲಾನೂ ಹಾಕ್ರಿ!"

"ಹಾಲು ನಮ್ಮ ಎಮ್ಮಿದ ಐತಿ," ಎಂದ ಫಕೀರಪ್ಪ. ಅವನ ಹಣೆಯ ವಿಭೂತಿ ಗಲ್ಲಕ್ಕಿಳಿದಿತ್ತು.

ನನಗೆ ನಗು ಬಂತು. ಅಷ್ಟು ತಿಂಗಳಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ನಗುತ್ತಲೇ, ರೂಢಿಯಂತೆ, ಗಿರಿಜಾ ಕೂರುತ್ತಿದ್ದ ದಂಡೆಯ ಕಲ್ಲಿನ ಕಡೆ ತಿರುಗಿದೆ.

ಅಂದೇ ಮೂತಿ ಬದಲಿಸಿದೆವು. ಎರಡು ಹಗ್ಗ ಬಿಗಿದೆವು. ಈಗ ನೀರು ಮೊಣಕಾಲ ಮಟ್ಟ ಏಳುತ್ತದೆ, ನೀಲವ್ವನ ಶಾವಿಗೆ ಸುರಕ್ಷಿತ. ಸಂಜೆ ಒಳಗೆ ಕುಳಿತರೂ ಸಪ್ಪಳ ಕೇಳುತ್ತದೆ. ಗಿರಿಜಾ ಹೇಳಿದ್ದೇ ಸರಿ ಎಂದು ಜೋರಾಗಿಯೇ ಒಪ್ಪಿಕೊಂಡಿದ್ದೇನೆ.

"ಮದಲ ಹೇಳಿದ್ದಿಲ್ಲೇನ್ರೀ ನಾ?" ಎನ್ನಲು ಅವಳಿಲ್ಲ.