ಮಡಿಲಲ್ಲಿ ಎರಡೂರಿನ ತಾಳಿ

"ಕುಂದರ್ರಿ ಅಕ್ಕಾರ" ಎಂದು ಆಕೆ ಹೇಳಿದಾಗ ನಾನು ಹಿಂದಿರುಗಿ ನೋಡಿದೆ. ನನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ನಿಂತಿರಬೇಕು ಅಂದುಕೊಂಡೆ. ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಥಾನುಗಳಿದ್ದವು, ಅಷ್ಟೆ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡೊಂದರಲ್ಲಿ ಅದು ನನ್ನ ಮೊದಲ ಬೆಳಗು.

ಮಡಕಶಿರದ ಕಡೆ, ರೊಳ್ಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನನ್ನು ಬಹುವಚನದಲ್ಲಿ ಕರೆದವರಿಲ್ಲ. ಅತ್ತೆ, ಗಂಡ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕರೆಯುತ್ತಿದ್ದ ತೋಟದವರು, ಎಲ್ಲರ ಬಾಯಲ್ಲೂ "ಬಾರಮ್ಮಿ, ಕುಂತ್ಕಳಮ್ಮಿ" ಅಂತಲೇ. ಮೂವತ್ತೈದು ದಾಟಿದ ಮೇಲೆ, ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಹೆಂಗಸೊಬ್ಬಳು ನನಗೆ 'ರಿ' ಹಚ್ಚಿ ಮಾತಾಡಿದಳು. ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇಷ್ಟು ಮರ್ಯಾದೆ ಕೊಡುವವರು ನನ್ನನ್ನು ಒಳಗಿನವಳು ಅಂದುಕೊಳ್ಳುವುದು ಯಾವಾಗ ಅನ್ನಿಸಿತು.

ಆಕೆಯ ಹೆಸರು ಹುಲಿಗೆಮ್ಮ. ನಲವತ್ತರ ಆಸುಪಾಸು, ಅಗಲ ಭುಜ, ಎಲೆಯಡಿಕೆ ಹಾಕಿದ ಬಾಯಿ. ಪ್ಯಾಂಟಿಗೆ ಜಿಪ್ ಕೂರಿಸುವುದರಲ್ಲಿ ಅವಳ ಕೈ ಎಲ್ಲರಿಗಿಂತ ಚುರುಕು. ನನ್ನ ಪಾಲಿಗೆ ಬಂದದ್ದು ಜೇಬು ಹೊಲಿಯುವ ಕೆಲಸ. ನಮ್ಮಿಬ್ಬರ ಮಿಷಿನ್ನುಗಳು ಅಕ್ಕಪಕ್ಕ.

ನಮ್ಮ ಕಡೆಯವರು ದುಡಿಯಲು ಹೊರಟರೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನನ್ನ ಗಂಡನೂ ಹತ್ತಿದ್ದ. ಅಲ್ಲಿ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವುದು ಕಲಿತ. ಜೊತೆಗಿದ್ದ ರಾಯದುರ್ಗದವನೊಬ್ಬ "ನಮ್ಮೂರಾಗ ಓಣಿ ಓಣಿಗೂ ಜೀನ್ಸ್ ಹೊಲೀತಾರಪ, ಹೆಂಡ್ತಿ ಮಗಳನ್ನ ಕರ್ಕಂಡು ಬಾ, ಇಬ್ರಿಗೂ ಕೆಲಸ ಐತಿ" ಅಂದ. ಎಲ್ಲರೂ ದಕ್ಷಿಣಕ್ಕೆ ಹೋದರೆ ನಾವು ಉತ್ತರಕ್ಕೆ ಹೊರಟೆವು. "ಅದ್ಯಾವ ಊರಮ್ಮಿ, ಯಾರೂ ಹೋಗದಿರೋ ಊರು?" ಎಂದು ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಳು.

ಯಾರೂ ಹೋಗದ ಊರೇನಲ್ಲ, ದೂರವೂ ಅಲ್ಲ. ಮೊನ್ನೆಮೊನ್ನೆಯವರೆಗೆ ಎರಡೂ ಊರು ಆಂಧ್ರದ ಒಂದೇ ಅನಂತಪುರ ಜಿಲ್ಲೆ. ಮಡಕಶಿರದ ತಲೆಯ ಮೇಲೆ ಕೋಟೆಯ ಬೆಟ್ಟವಿರುವ ಹಾಗೆ ಇಲ್ಲೂ ಇದೆ. ಆದರೆ ಇಲ್ಲಿಯವರು ಬೆಟ್ಟ ಅನ್ನುವುದಿಲ್ಲ, ಗುಡ್ಡ ಅನ್ನುತ್ತಾರೆ. ನಮ್ಮ ಮನೆ ಆ ಗುಡ್ಡದ ಬುಡದಲ್ಲಿ, ಒಂದರ ಹಿಂದೊಂದು ಎರಡು ಕೋಣೆ. ಮಧ್ಯಾಹ್ನ ಬಂಡೆ ಕಾದರೆ ಸಂಜೆಯವರೆಗೂ ಅದರ ಬಿಸಿ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ.

ಕಷ್ಟವಾದದ್ದು ಬಿಸಿಲಲ್ಲ, ಕನ್ನಡ. ನೀವು ನಗಬಹುದು. ಅಂಗಡಿಗೆ ಹೋಗಿ ಕಡ್ಲೆಬೀಜ ಕೇಳಿದರೆ ಅವನು ಕಡಲೆಕಾಳು ಕಟ್ಟಿಕೊಟ್ಟ. ಇದಲ್ಲ ಅಂದೆ. ಹುರಿಗಡಲೆ ತೋರಿಸಿದ. ಕೊನೆಗೆ ತೆಲುಗಿನಲ್ಲಿ "ಶೆನಕ್ಕಾಯಲು" ಅಂದೆ. "ಅಯ್ಯ, ಶೇಂಗಾ ಅನ್ರಲ್ಲ!" ಎಂದು ನಕ್ಕ. ಕಡ್ಲೆಕಾಯಿ ಹೊಲದಲ್ಲೇ ಹುಟ್ಟಿ ಬೆಳೆದವಳು ನಾನು. ಅದರ ಹೆಸರೇ ನನಗೆ ಗೊತ್ತಿಲ್ಲವೆಂದಾಯಿತು. ನಮ್ಮ ಕನ್ನಡಕ್ಕೂ ಅವರ ಕನ್ನಡಕ್ಕೂ ಜಗಳ ಬಂದಾಗ ಹೀಗೆ ತೆಲುಗು ನಡುವೆ ಬಂದು ರಾಜಿ ಮಾಡಿಸುತ್ತಿತ್ತು.

ಊಟವೂ ಹಾಗೆಯೇ. ನಮ್ಮಲ್ಲಿ ಮುದ್ದೆ ಇಲ್ಲದಿದ್ದರೆ ಊಟವೇ ಆಗಲಿಲ್ಲ ಅನ್ನುತ್ತೇವೆ. ಇಲ್ಲಿ ಜೋಳದ ರೊಟ್ಟಿ. ಬೆಳಗಾದರೆ ಬೀದಿಯಲ್ಲಿ ಒಗ್ಗಾಣಿ ಮಿರ್ಚಿ. ಒಗ್ಗಾಣಿ ಅಂದರೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ್ದು. ನಾವು ಪುರಿ ಅನ್ನುವುದೇ ಇವರ ಮಂಡಕ್ಕಿ. ಶೆಡ್ಡಿನಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ರೊಟ್ಟಿ ಹಂಚಿಕೊಳ್ಳುವಾಗ ನಾನು ಮೂಲೆಯಲ್ಲಿ ಕುಳಿತು, ಬಟ್ಟೆಯ ಬಣ್ಣ ಹತ್ತಿ ನೀಲಿಯಾದ ಬೆರಳುಗಳಿಂದ ಮುದ್ದೆ ಮುರಿಯುತ್ತಿದ್ದೆ. ನನ್ನ ಹೆಸರು ಗಿರಿಜಮ್ಮ ಎಂದು ಅವರಿಗೆ ಗೊತ್ತಿತ್ತು. ಆದರೂ ನಾನಿಲ್ಲದಾಗ ನನ್ನನ್ನು "ಮಡಕಶಿರದಾಕಿ" ಅನ್ನುತ್ತಿದ್ದರು.

ಹೀಗೆ ಒಂದು ಬೇಸಿಗೆ ಕಳೆಯಿತು. ಆಮೇಲೆ ಕಬಡ್ಡಿ ಬಂತು.

ಶೆಡ್ಡಿನ ಹಿಂದೆ ಒಂದು ಬಯಲಿದೆ. ಹುಲಿಗೆಮ್ಮ ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವಳು. ದಾನಿಯೊಬ್ಬರು ಹಳೆಯ ಜಿಲ್ಲೆಯ ಊರೂರುಗಳ ಹೆಂಗಸರಿಗಾಗಿ ಪಂದ್ಯ ಇಡುತ್ತಾರೆಂಬ ಸುದ್ದಿ ಕೇಳಿ, "ನಾವ್ಯಾಕ ಆಡಬಾರ್ದು?" ಅಂದಳು. ಮೊದಲು ಎಲ್ಲರೂ ನಕ್ಕರು. ನಗುತ್ತಲೇ ಕೆಲಸ ಮುಗಿದ ಮೇಲೆ ಬಯಲಿಗೆ ಹೋದರು. ಸೀರೆಯವರು ಚೂಡಿದಾರ ತಂದುಕೊಂಡರು. ಬೆಳುಗುಪ್ಪದಿಂದ ಮದುವೆಯಾಗಿ ಬಂದಿದ್ದ ಪಾರ್ವತಿ ಎಂಬ ಹುಡುಗಿ ಬಾಯಿ ಬಿಟ್ಟು ಮಾತಾಡಿದ್ದನ್ನೇ ನಾವು ಕಂಡಿರಲಿಲ್ಲ. ಅವಳು "ಕಬಡ್ಡಿ ಕಬಡ್ಡಿ" ಎನ್ನುತ್ತ ಗೆರೆ ದಾಟಿದಳೆಂದರೆ ಯಾರ ಕೈಗೂ ಸಿಗುತ್ತಿರಲಿಲ್ಲ.

ನನಗೆ ಚಿಕ್ಕಂದಿನಿಂದಲೂ ಮೊಣಕಾಲು ಸರಿಯಿಲ್ಲ, ಆಡಲಾರೆ. ಆದರೆ ನೋಡುವ ಹುಚ್ಚು. ದಿನವೂ ಬಯಲಂಚಿನ ಕಲ್ಲಿನ ಮೇಲೆ ಕುಳಿತು ನೋಡಿದೆ. ಯಾರು ಎದುರಿನವರ ಎಡಗಾಲು ಹಿಡಿಯಲು ಬೀಳುತ್ತಾರೆ, ಯಾರಿಗೆ ಉಸಿರು ಸಾಲದು ಎಲ್ಲ ತಿಳಿಯಿತು. ಅವರು ನನ್ನವರಾದದ್ದು ಅಲ್ಲೇ. ಅವರಿಗೆ ನಾನಿನ್ನೂ ಏನೂ ಆಗಿರಲಿಲ್ಲ.

ಮೊದಲ ಪಂದ್ಯ ರಾಯದುರ್ಗದಲ್ಲೇ ನಡೆಯಿತು. ಸೀಟಿ ಊದಿದ್ದೇ ತಡ ನನ್ನ ಕೈಕಾಲು ತಣ್ಣಗಾದವು. ಪಾರ್ವತಿ ರೈಡಿಗೆ ಹೋದಾಗ ಉಸಿರು ಕಟ್ಟಿದ್ದು ಅವಳಿಗಲ್ಲ, ನನಗೆ. ಅವಳನ್ನು ಎದುರಿನವರು ಕೆಡವಿ ಹಿಡಿದಾಗ ನಾನು ಎದ್ದುಹೋಗಿ ಬೇವಿನ ಮರದ ಹಿಂದೆ ನಿಂತೆ. ಗದ್ದಲ ಕೇಳಿದರೆ ಅಲ್ಲಿಂದಲೇ ಯಾರನ್ನಾದರೂ ಕೇಳುವುದು, "ಏನಾಯ್ತು? ನಮ್ಮೋರಾ?" ನನ್ನ ಮಗಳಿಗೆ ನಾಚಿಕೆಯಾಯಿತು. "ಅಮ್ಮ, ಆಟ ಅಷ್ಟ, ಯಾಕ ಹಂಗ ಮಾಡ್ತಿ?" ಎಂದಳು. ಆಗಲೇ ಅವಳಿಗೆ ಇಲ್ಲಿಯ 'ಯಾಕ' ಬಂದುಬಿಟ್ಟಿತ್ತು.

ಆಟದ ನಡುವಿನ ಬಿಡುವಿನಲ್ಲಿ ಹುಲಿಗೆಮ್ಮ ನನ್ನನ್ನು ಹುಡುಕಿಕೊಂಡು ಬಂದಳು.

"ಯಾಕ್ರಿ ಅಕ್ಕಾರ, ಅತ್ತಾಗ ಮಾರಿ ಮಾಡ್ಕಂಡು ನಿಂತೀರಿ?"

"ನೋಡಕ್ಕಾಗಲ್ಲ ಅಕ್ಕ. ಎದೆ ಒಡೆದೋಗಂಗೆ ಹೊಡ್ಕತೈತೆ."

ನನಗೆ ಧೈರ್ಯ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಲಿಲ್ಲ. ಕುತ್ತಿಗೆಗೆ ಕೈ ಹಾಕಿ ತಾಳಿ ಸರ ಬಿಚ್ಚಿದಳು. ಕಬಡ್ಡಿಯಲ್ಲಿ ಮೈಮೇಲೆ ಒಡವೆ ಇರಬಾರದು; ತಾಳಿ ಬಿಚ್ಚಲು ಮನಸ್ಸಿಲ್ಲದೆ ಅಲ್ಲಿಯವರೆಗೆ ಎಲ್ಲರೂ ಅಂಗಿಯೊಳಗೆ ಪಿನ್ನು ಹಾಕಿಕೊಂಡು ಆಡುತ್ತಿದ್ದರು. ಅಂದು ಅಂಪೈರ್ ಅದನ್ನು ಕಂಡು ಬಯ್ದಿದ್ದ.

"ಕೈಯಾಗ ಏನೂ ಇಲ್ಲದಾಗ ಎದಿ ಬಡ್ಕಂತೈತಿ," ಎನ್ನುತ್ತ ಸರವನ್ನು ನನ್ನ ಅಂಗೈಗೆ ಸುರಿದಳು. "ಇದನ್ನ ಇಟ್ಕಂಡು ಕುಂದರ್ರಿ. ಎಲ್ಲಿಗೂ ಏಳಬ್ಯಾಡ್ರಿ." ಆಮೇಲೆ ಹಿಂದಿರುಗಿ ಕೂಗಿದಳು, "ಏ, ಎಲ್ರೂ ತಂದು ಗಿರಿಜಕ್ಕಾರ ಕೈಗೆ ಕೊಡ್ರಿ!"

ಒಬ್ಬೊಬ್ಬರಾಗಿ ಬಂದರು. ಬೆವರಿಗೆ ಒದ್ದೆಯಾಗಿದ್ದ ಕರಿಮಣಿ, ಓಲೆ, ಮೂಗುಬೊಟ್ಟು. ಪಾರ್ವತಿಯದು ಅರಿಶಿನ ಮಾಸದ ದಾರ. "ಅಕ್ಕಾರ, ನಮ್ಮತ್ತಿಗೆ ಗೊತ್ತಾಗಬಾರ್ದು," ಎಂದು ಪಿಸುಗುಟ್ಟಿದಳು. ಗಂಡನ ಎದುರೂ ಬಿಚ್ಚದ್ದನ್ನು ಹೊರಗಿನಿಂದ ಬಂದ ಹೆಂಗಸಿನ ಸೆರಗಿಗೆ ಹಾಕಿ, ಅವರು ಹಗುರ ಕುತ್ತಿಗೆಯಲ್ಲಿ ಓಡಿಹೋದರು.

ನಾನು ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಆದರೆ ಓಡಿಹೋಗುವಂತಿರಲಿಲ್ಲ. ಬಟ್ಟೆಯ ಮೇಲಿನಿಂದಲೇ ಬೆರಳುಗಳು ಒಂದೊಂದನ್ನೂ ಗುರುತು ಹಿಡಿಯತೊಡಗಿದವು. ಪಾರ್ವತಿ ರೈಡಿಗೆ ಹೋದರೆ ಅವಳ ದಾರ ಹಿಡಿಯುವುದು, ಹುಲಿಗೆಮ್ಮ ಯಾರದಾದರೂ ಕಾಲು ಹಿಡಿಯಲು ಬಿದ್ದರೆ ಅವಳ ಬಟ್ಟಲು ತಾಳಿ ಹಿಡಿಯುವುದು. ಭಯ ಹೋಗುವುದಿಲ್ಲ, ಅದಕ್ಕೊಂದು ಕೆಲಸ ಸಿಗುತ್ತದೆ. ಅಂದು ನಮ್ಮವರು ಗೆದ್ದರು. ಮರುದಿನ ಮಧ್ಯಾಹ್ನ ಯಾರೋ ನನ್ನ ಡಬ್ಬಿಯಿಂದ ಕೇಳದೆಯೇ ಮುದ್ದೆ ಮುರಿದುಕೊಂಡು, "ಇದನ್ನ ನುಂಗೋದು ಹ್ಯಾಂಗ್ರಿ?" ಎಂದರು. ಶೆಡ್ಡಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ನಕ್ಕದ್ದು ಅದೇ ಮೊದಲು.

ಪಂದ್ಯದ ಮೇಲೆ ಪಂದ್ಯ ಗೆದ್ದು ನಮ್ಮ ತಂಡ ಕೊನೆಯ ಆಟಕ್ಕೆ ಬಂತು. ಅದನ್ನು ನಡೆಸುವುದು ಮಡಕಶಿರದಲ್ಲಿ ಎಂದು ಗೊತ್ತಾಯಿತು. ಎದುರಾಳಿಗಳೂ ಮಡಕಶಿರದವರೇ, ರೇಷ್ಮೆ ಹುಳು ಸಾಕುವ ಹೆಂಗಸರ ತಂಡ. ಅವರ ದೊಡ್ಡ ರೈಡರ್ ಯಾರೆಂದು ಫೋನಿನಲ್ಲಿ ಅಮ್ಮ ಹೇಳಿದಳು. ರತ್ನ. ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಅವಳ ಮದುವೆಯಲ್ಲಿ ತಾಳಿ ಇಟ್ಟ ತಟ್ಟೆಯನ್ನು ಹಿರಿಯರ ಮುಂದೆ ಹಿಡಿದುಕೊಂಡು ಹೋದವಳು ನಾನು.

ಬೆಳಗ್ಗೆ ವ್ಯಾನಿನಲ್ಲಿ ಕಲ್ಯಾಣದುರ್ಗ, ಪಾವಗಡ ದಾಟಿ ಹೋದೆವು. ಆಂಧ್ರದಿಂದ ಆಂಧ್ರಕ್ಕೆ ಹೋಗುವ ಆ ದಾರಿ ನಡುವೆ ಕರ್ನಾಟಕಕ್ಕೆ ಹೊಕ್ಕು ಹೊರಬರುತ್ತದೆ. ಕೋಟೆಯ ಬೆಟ್ಟ ಕಂಡಾಗ ಎಂದಿನಂತೆ ನನ್ನ ಎದೆ ಅರಳಲಿಲ್ಲ, ಹಿಡಿದುಕೊಂಡಿತು. ನನ್ನೂರಿಗೆ ನಾನು ಎದುರಾಳಿಯಾಗಿ ಬಂದಿದ್ದೆ.

ಮೈದಾನದ ಅಂಚಿನಲ್ಲಿ ನಮ್ಮವರ ಒಡವೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಕುಳಿತಿದ್ದೆ. ಅಮ್ಮನೂ ಹಳ್ಳಿಯಿಂದ ಬಂದು ಪಕ್ಕದಲ್ಲಿ ಕುಳಿತಿದ್ದಳು. ರತ್ನ ನೇರವಾಗಿ ಗೆರೆ ದಾಟಿ ನಮ್ಮ ಕಡೆಗೆ ನಡೆದುಬಂದಳು. ಕುತ್ತಿಗೆಯಿಂದ ಸರ ತೆಗೆದು ನನ್ನ ಮುಂದೆ ಹಿಡಿದಳು.

"ಇಟ್ಕಳೆ ಗಿರಿಜಿ."

"ನಿಮ್ಮೋರ್ಯಾರೂ ಇಲ್ವೇನೆ?"

"ಅವ್ರೆ. ನೀನಿರುವಾಗ ಇನ್ಯಾರತ್ರ ಇಡ್ಲಿ?"

ಪಾರ್ವತಿ ಮುಖ ಗಂಟಿಕ್ಕಿದಳು. "ಎದುರಿನವ್ರದು ನಾವ್ಯಾಕ ಇಟ್ಕೋಬೇಕ್ರಿ?" ಹುಲಿಗೆಮ್ಮ ಅವಳನ್ನು ಸುಮ್ಮನಾಗಿಸಿದಳು. "ನಮಗ ಕೊಟ್ಟಿಲ್ಲವಾ, ಗಿರಿಜಕ್ಕಾರಿಗೆ ಕೊಟ್ಟಾಳ." ರತ್ನಳ ಹಿಂದೆಯೇ ಅವಳ ತಂಡದ ಉಳಿದವರೂ ಬಂದರು. ರಾಯದುರ್ಗದವರದು ಸೆರಗಿನ ಗಂಟಿನಲ್ಲಿತ್ತು. ಮಡಕಶಿರದವರದನ್ನು ಅಮ್ಮನ ಹತ್ತಿರ ಕರ್ಚೀಫು ಇಸಿದುಕೊಂಡು ಬೇರೆ ಕಟ್ಟಿದೆ. ಎರಡೂ ನನ್ನ ಮಡಿಲಲ್ಲೇ.

ಆಟ ಶುರುವಾಯಿತು. ನನ್ನ ಬೆರಳುಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಪಾರ್ವತಿ ಹೋದರೆ ಸೆರಗಿನ ಗಂಟು ಹಿಡಿದೆ. ರತ್ನ ಬಂದರೆ ಕೈ ತಾನಾಗಿ ಕರ್ಚೀಫಿಗೆ ಹೋಯಿತು. ರತ್ನ ಹುಡುಗಿಯಾಗಿದ್ದಾಗ ಹೇಗೆ ಓಡುತ್ತಿದ್ದಳೋ ಹಾಗೆಯೇ ಓಡುತ್ತಿದ್ದಳು, ತಲೆ ತಗ್ಗಿಸಿ, ಎಡಗೈ ಹಿಂದಕ್ಕೆ ಬೀಸಿ. ಇಬ್ಬರು ಮಕ್ಕಳ ತಾಯಿ, ದಿನವಿಡೀ ಹುಳುಗಳಿಗೆ ಸೊಪ್ಪು ಹಾಕುವವಳು. ಅವಳು ಪಾಯಿಂಟ್ ತಂದಾಗಲೆಲ್ಲ ಮೈದಾನ ಎದ್ದು ಕೂಗಿತು. ನನ್ನ ಕಣ್ಣು ಹೆಮ್ಮೆಯಿಂದ ತುಂಬಿತು. ಮರುಗಳಿಗೆ ನಮ್ಮವರು ಹಿಂದೆ ಬಿದ್ದರಲ್ಲ ಎಂದು ಸೆರಗಿನ ಗಂಟನ್ನು ಬಿಗಿಹಿಡಿದೆ. ಹೀಗೆ ಎರಡು ಕಡೆಯ ಭಯವನ್ನು ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡವರು ಆ ಮೈದಾನದಲ್ಲಿ ಇನ್ನೊಬ್ಬರಿರಲಿಲ್ಲ.

ಕೊನೆಗೆ ಎರಡೂ ಕಡೆ ಪಾಯಿಂಟು ಸಮ, ಉಳಿದದ್ದು ಒಂದು ರೈಡ್. ರತ್ನಳದು. ನಮ್ಮ ಕಡೆ ಹುಲಿಗೆಮ್ಮ, ಪಾರ್ವತಿ ಇಬ್ಬರೇ ಉಳಿದಿದ್ದರು. ಯಾವ ಗಂಟು ಹಿಡಿಯಲಿ? ಎರಡರಿಂದಲೂ ಕೈ ತೆಗೆದೆ. ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಇಷ್ಟು ಪಂದ್ಯಗಳಲ್ಲಿ ಮೊದಲ ಬಾರಿ ಒಂದು ರೈಡನ್ನು ಪೂರ್ತಿ ನೋಡಿದೆ.

ರತ್ನ ಪಾರ್ವತಿಯ ಭುಜ ಮುಟ್ಟಿ ತಿರುಗಿದಳು. ಅಷ್ಟರಲ್ಲಿ ಹುಲಿಗೆಮ್ಮ ನೆಲಕ್ಕೆ ಬಿದ್ದು ಅವಳ ಪಾದ ಹಿಡಿದಳು. ರತ್ನ ಮುಂದಕ್ಕೆ ಬಿದ್ದು, ಗೆರೆಯತ್ತ ಕೈ ಚಾಚಿ ತೆವಳಿದಳು. ಒಂದು ಗೇಣು ಉಳಿದಿತ್ತು. ನನ್ನ ಗಂಟಲಿನಿಂದ ಕೂಗು ಹೊರಟಿತು.

"ಹಿಡೀರಿ! ಬಿಡಬ್ಯಾಡ್ರಿ! ಹುಲಿಗೆಮ್ಮಾರ, ಬಿಡಬ್ಯಾಡ್ರಿ!"

ಪಾರ್ವತಿ ಹಾರಿ ಅವಳ ಸೊಂಟ ಹಿಡಿದಳು. ಸೀಟಿ ಊದಿತು. ರಾಯದುರ್ಗ ಗೆದ್ದಿತ್ತು.

ಸುತ್ತಲಿನವರು ಆಟ ಬಿಟ್ಟು ನನ್ನನ್ನು ನೋಡುತ್ತಿದ್ದರು. ಅಮ್ಮ ಬಾಯಿ ತೆರೆದು ಕುಳಿತಿದ್ದಳು. "ಇದ್ಯಾವ ಮಾತಮ್ಮಿ ನಿನ್ನ ಬಾಯಾಗೆ?" ಅಂದಳು. ನನಗೂ ಗೊತ್ತಿರಲಿಲ್ಲ. ಮನಸ್ಸು ಇನ್ನೂ ನಡುಗೆರೆಯ ಮೇಲೆ ನಿಂತಿರುವಾಗ ನಾಲಿಗೆ ದಾಟಿಬಿಟ್ಟಿತ್ತು.

ರತ್ನ ಮಂಡಿಯ ಮಣ್ಣು ಒರೆಸಿಕೊಳ್ಳುತ್ತ ಬಂದಳು. ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

"ನಮ್ಮೂರಾಗೆ ಕುಂತ್ಕಂಡು ನನ್ನನ್ನೇ ಹಿಡೀರಿ ಅಂತ ಕೂಗ್ದಲ್ಲೆ."

"ಬಾಯಿಗೆ ಬಂದ್ಬಿಡ್ತು ಕಣೆ."

"ಬಂದಿದ್ದು ಬಾಯಿಗೇನಾ?" ಎಂದಳು. ಆಮೇಲೆ ಬೆನ್ನು ತಿರುಗಿಸಿ, ಜಡೆ ಎತ್ತಿ ಹಿಡಿದು, ಕುತ್ತಿಗೆ ಬಗ್ಗಿಸಿದಳು. ಬಿದ್ದಾಗ ಅವಳ ಮಣಿಕಟ್ಟು ಉಳುಕಿತ್ತು, ಕೊಕ್ಕೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನಾನು ಕರ್ಚೀಫಿನಿಂದ ಅವಳ ಸರ ತೆಗೆದು ಹಾಕಿದೆ. ಅವಳ ಮೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಇತ್ತು. "ಹೆಂಗಾಡ್ದೆ ಹೇಳು," ಎಂದು ಅವಳು ಆಚೆ ನೋಡುತ್ತಲೇ ಕೇಳಿದಳು. "ನಿನ್ನಂಗೆ ಆಡೋಳು ಅವ್ರಲ್ಲಿ ಇಲ್ಲ ಕಣೆ," ಅಂದೆ. ಅದು ನಿಜ. ಅವಳ ಭುಜ ಅಲುಗಿತು. ಅತ್ತಳೋ ನಕ್ಕಳೋ ಹಿಂದಿನಿಂದ ತಿಳಿಯಲಿಲ್ಲ.

ಉಳಿದುಕೋ ಎಂದು ಅಮ್ಮ ಕರೆದಳು. "ಬರ್ರಿ ಅಕ್ಕಾರ, ಹೊತ್ತಾತು," ಎಂದು ವ್ಯಾನಿನಿಂದ ಕೂಗಿದರು. ಮಗಳನ್ನು ರಾಯದುರ್ಗದಲ್ಲಿ ಬಿಟ್ಟು ಬಂದಿದ್ದೆ, ಬೆಳಗಾದರೆ ಜೇಬುಗಳ ರಾಶಿ ಕಾದಿತ್ತು. ಅಮ್ಮ ಕಟ್ಟಿಕೊಟ್ಟ ಹುರಿದ ಕಡ್ಲೆಕಾಯಿ ಹಿಡಿದು ಹತ್ತಿದೆ. ಒಳಗೆ ಗೆದ್ದ ಕಪ್ ಕೈಯಿಂದ ಕೈಗೆ ಹೋಗುತ್ತಿತ್ತು, ಹಾಡು, ಕೇಕೆ. ಕಡ್ಲೆಕಾಯಿ ಸುಲಿಯುತ್ತ ಪಾರ್ವತಿ ಕಿಟಕಿಯಾಚೆ ನೋಡಿದಳು. ಸಂಜೆಯ ಬಿಸಿಲು ಕೋಟೆಯ ಕಲ್ಲುಗಳ ಮೇಲಿತ್ತು. ಮೈದಾನದ ಬಾಗಿಲಲ್ಲಿ ರತ್ನ, ಅವಳ ತಂಡದವರು ನಡೆದು ಹೋಗುತ್ತಿದ್ದರು.

"ಚಲೋ ಐತ್ರಿ ನಿಮ್ಮೂರು," ಎಂದಳು ಪಾರ್ವತಿ.

"ಹೌದ್ರಿ," ಅಂದೆ. "ನಾವು ಗೆದ್ವಿ, ಖರೆ. ಆದ್ರೆ ನಮ್ಮೂರು ಹೆಂಗಾಡ್ತು, ನೋಡಿದ್ರಾ?"