ಬಾವಿ ಇದ್ದದ್ದು ನನಗೆ ಗೊತ್ತಿತ್ತು

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕಾಲೇಜು ಸೇರಿದಾಗ ಅಪ್ಪ ಕೊಡಿಸಿದ್ದ ಗಡಿಯಾರವನ್ನು ಆಗಷ್ಟೇ ನೋಡಿಕೊಂಡಿದ್ದೆ. ಆ ಹೊತ್ತು ಮರೆತಿಲ್ಲ. ಪಾಳುಬಿದ್ದ ಬಂಗಲೆಯ ಹಿತ್ತಲಲ್ಲಿ, ಮೊಣಕಾಲುದ್ದದ ಹುಲ್ಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಗೆಳತಿ ಕೇಳಿದಳು: "ಇಲ್ಲಿದ್ದ ಬಾವಿ ಎಲ್ಲೇ ಹೋಯ್ತು?"

ನಾನು ಉತ್ತರ ಕೊಡಲಿಲ್ಲ.

ಆ ಬಂಗಲೆ ಯಲಹಂಕದ ನಮ್ಮ ಮನೆಯಿಂದ ಜಕ್ಕೂರಿಗೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟದ ಹಿಂದೆ ಇತ್ತು. ಯಾವ ಕಾಲದಲ್ಲೋ ಒಬ್ಬ ಇಂಗ್ಲಿಷ್ ದೊರೆ ಕಟ್ಟಿಸಿದ್ದನಂತೆ. ಆಮೇಲೆ ಬಹಳ ವರ್ಷ ಅನಾಥ ಮಕ್ಕಳ ಆಶ್ರಮವಾಗಿತ್ತು. ನನ್ನ ಅಮ್ಮ ಅಲ್ಲಿ ಆಯಾ ಆಗಿದ್ದಳು; ಗೆಳತಿ ಅಲ್ಲೇ ಬೆಳೆದವಳು. ಹನ್ನೆರಡು ತುಂಬಿದಾಗ ಅವಳನ್ನು ಪೇಟೆಯ ಹಾಸ್ಟೆಲಿಗೆ ಕಳಿಸಿದರು. ಎರಡು ವರ್ಷಕ್ಕೆ ಆಶ್ರಮವೂ ಮುಚ್ಚಿತು. ಆ ಹೊತ್ತಿಗೆ ನಾವಿಬ್ಬರೂ ಒಂದೇ ಕಾಲೇಜಿನಲ್ಲಿದ್ದೆವು. ಭಾನುವಾರ ನಮ್ಮ ಮನೆಗೆ ಬಂದರೆ ನನ್ನ ಅಮ್ಮನನ್ನು ಅವಳೂ "ಅಮ್ಮಾ" ಎಂದೇ ಕರೆಯುತ್ತಿದ್ದಳು. ಅಮ್ಮ "ಬಾ ಕೂಸೇ" ಎನ್ನುತ್ತಿದ್ದಳು. ನಾನು ಯಾವತ್ತೂ ಕೂಸಾಗಿರಲಿಲ್ಲ. ನಾನು "ಏ, ಇವಳೇ".

ಚಿಕ್ಕಂದಿನಲ್ಲಿ ಅಮ್ಮ ಮನೆಗೆ ಬಂದಾಗ ಕೈಯೆಲ್ಲ ಹರಳೆಣ್ಣೆ ವಾಸನೆ. ಅಷ್ಟೊಂದು ತಲೆಗಳಿಗೆ ಎಣ್ಣೆ ತಿಕ್ಕಿ ಬಂದವಳು ನನ್ನ ತಲೆ ಕಂಡರೆ, "ಕೈ ಸೋತೋಗಿದೆ, ನೀನೇ ಹಚ್ಕೊ" ಅನ್ನುತ್ತಿದ್ದಳು.

ಅಂದು ಬಂಗಲೆ ತೋರಿಸಲು ಕರೆದುಕೊಂಡು ಹೋದವಳು ಗೆಳತಿಯೇ. ಹೆಂಚು ಕುಸಿದ ಹಜಾರದಲ್ಲಿ ಸ್ವಂತ ಮನೆಯಂತೆ ಓಡಾಡಿದಳು. "ಇಲ್ಲಿ ಅಮ್ಮ ನಮ್ಮನ್ನ ಸಾಲಾಗಿ ಕೂರಿಸ್ತಿದ್ರು. ನಂಗೆ ಮೈಮೇಲೆ ಸಿಡುಬು ಎದ್ದಾಗ ಅಮ್ಮ ಈ ಕಿಟಕಿ ಹತ್ರ ಮೂರು ರಾತ್ರಿ ಪಕ್ಕದಲ್ಲೇ ಮಲಗಿದ್ರು. ನಿಂಗೆ ಹೇಳಿಲ್ವಾ?"

ಹೇಳಿರಲಿಲ್ಲ. ಆದರೆ ಆ ಮೂರು ರಾತ್ರಿ ನನಗೂ ನೆನಪಿದ್ದವು. ಅಪ್ಪನ ಪಕ್ಕ ಮಲಗಿ, ಚಿಲಕ ಸದ್ದಾಗುವುದನ್ನೇ ಕಾದಿದ್ದೆ.

ಆ ಮನೆಯ ಬಗ್ಗೆ ನನಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದು. ಆಶ್ರಮ ಮುಚ್ಚಿದ ಮೇಲೆ ಬಾವಿಕಟ್ಟೆಯ ಕಲ್ಲು ಕಿತ್ತು ಸಾಗಿಸಿ, ಬಾಯಿಗೆ ಹಲಗೆ ಹಾಸಿ ಮಣ್ಣೆಳೆದಿದ್ದರು. ಅಮ್ಮ ಊಟ ಬಡಿಸುತ್ತಾ ಹೇಳಿದ್ದಳು. ಇನ್ನೊಂದು ಸಲ ಕೇಳಲಿ, ನನ್ನನ್ನು ಕೇಳಲಿ ಅಂದುಕೊಂಡೆ. ಒಂದು ಉಸಿರು, ಎರಡು ಉಸಿರಿನಷ್ಟು ಹೊತ್ತಿನ ಸುಖ ಅದು. ಜಕ್ಕೂರಿನ ಹಾರಾಟ ಶಾಲೆಯ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುರುಗುಟ್ಟುತ್ತ ಹೋಯಿತು. ಅವಳು ಅದನ್ನೇ ನೋಡುತ್ತಾ ಎರಡು ಹೆಜ್ಜೆ ಇಟ್ಟಳು.

"ಬಾವಿ!" ಎಂದು ನಾನು ಕಿರುಚುವುದಕ್ಕೂ ಹಲಗೆ ಮುರಿಯುವುದಕ್ಕೂ ಸರಿಹೋಯಿತು.

ಎದೆಯವರೆಗೆ ಇಳಿದುಹೋಗಿ, ಉಳಿದ ಹಲಗೆಗೆ ಮೊಣಕೈ ಊರಿ ನೇತಾಡಿದಳು. ಕಳಚಿದ ಮಣ್ಣು ನೀರು ಮುಟ್ಟಿದ ಸದ್ದು ಬಹಳ ತಡವಾಗಿ ಕೇಳಿಸಿತು. ನಾನು ಮಕಾಡೆ ಮಲಗಿ ಅವಳ ಒಂದು ರಟ್ಟೆ ಹಿಡಿದೆ. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಓಡಿಬಂದು ಇನ್ನೊಂದನ್ನು ಹಿಡಿದ.

ಮೇಲೆಳೆದು ಕೂರಿಸಿ ಬೈದ: "ಇಂಗಾ ಓಡಾಡಾದು? ಮಣ್ಣಡೀಲಿ ಬಾವಿ ಐತೆ ಅಂತ ಗೊತ್ತಿಲ್ವಾ ನಿಮ್ಗೆ?"

"ಇಲ್ಲ ತಾತ. ನಮ್ಮಿಬ್ರಿಗೂ ಗೊತ್ತಿರ್ಲಿಲ್ಲ," ಅಂದಳು ಗೆಳತಿ.

ಮನೆಯಲ್ಲಿ ಅಮ್ಮ ಅವಳ ತರಚಿದ ಮೊಣಕೈಗೆ ಅರಿಶಿನ ಹಚ್ಚುತ್ತಾ ನನ್ನನ್ನು ಒಮ್ಮೆ ನೋಡಿದಳು.

ಅಂದಿನಿಂದ ಕಣ್ಣು ಹತ್ತಿದೊಡನೆ ಕನಸಿನಲ್ಲಿ ಹಲಗೆ ಮುರಿಯುತ್ತಿತ್ತು. ಇವತ್ತಿಗೂ ಯಾರಾದರೂ ಒಣಕಡ್ಡಿ ಮುರಿದರೆ ನನ್ನ ಕೈ ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ.

ಆರೇಳು ವಾರ ಕಳೆದ ಮೇಲೆ ಒಂದು ಭಾನುವಾರ, ಅವಳನ್ನು ಬಸ್ಸು ಹತ್ತಿಸಲು ಹೋದಾಗ ಹೇಳಿಬಿಟ್ಟೆ. "ಆ ಮಣ್ಣಿನಡಿ ಬಾವಿ ಇದೆ ಅಂತ ನಂಗೆ ಗೊತ್ತಿತ್ತು ಕಣೇ."

"ಗೊತ್ತಿಲ್ದೆ ಬಾವಿ ಅಂತ ಕೂಗ್ತಾರಾ? ನಾನೇನ್ ಪೆದ್ದೀನಾ?" ಅಂದಳು. ಆಮೇಲೆ ರಸ್ತೆ ನೋಡುತ್ತಾ ಹೇಳಿದಳು: "ದಿನಾ ಐದು ಗಂಟೆಗೆ ಅಮ್ಮ ಚಪ್ಪಲಿ ಮೆಟ್ಕೊಳ್ತಿದ್ರು. ಇನ್ನೊಂಚೂರು ಇರಿ ಅಂದ್ರೆ, ಮನೇಲಿ ನನ್ ಮಗಳು ಕಾಯ್ತಿರ್ತಾಳೆ ಅನ್ನೋರು. ನೀನು ಸತ್ತೋಗ್ಲಿ ಅಂತ ಎಷ್ಟ್ ಸಲ ದೇವ್ರಿಗೆ ಕೈ ಮುಗ್ದಿದೀನಿ ಗೊತ್ತಾ? ನೀನು ಒಂದ್ ನಿಮಿಷ ಬಾಯ್ ಮುಚ್ಕೊಂಡಿದ್ದೆ, ಅಷ್ಟೇ ತಾನೆ?"

ಬಸ್ಸು ಬಂತು. ಹತ್ತಿದಳು.

ಆ ರಾತ್ರಿ ಹಲಗೆ ಮುರಿಯಲಿಲ್ಲ. ಅಮ್ಮ ಭುಜ ಹಿಡಿದು ಅಲುಗಿಸಿದಾಗ ಬಿಸಿಲು ಹಾಸಿಗೆಯವರೆಗೂ ಬಂದಿತ್ತು.

"ಏ, ಇವಳೇ, ಏಳು. ಎಂಟಾಯ್ತು. ಕಾಲೇಜಿನ ಬಸ್ಸು ಹೋಯ್ತು."