ಯಾರದೋ ಮಗನನ್ನು ಕಾಯ್ದ ಮೇಡಂ

ಕೈಗವಸು ಕಳಚಿದಾಗ ಮೇಡಂ ಅವರ ಮಣಿಕಟ್ಟಿನ ಸುತ್ತ ಬಿಳಿ ಪುಡಿ ಬಳೆಯ ಹಾಗೆ ಅಂಟಿಕೊಂಡಿರುತ್ತಿತ್ತು. ಎಷ್ಟು ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ದಿಲ್ಲಿಯ ವಿಧಿವಿಜ್ಞಾನ ಪ್ರಯೋಗಾಲಯವೊಂದಕ್ಕೆ ಸೇರಿದಾಗ ಡಿಎನ್ಎ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಕುಂದಾಪುರದ ಕಡೆಯವರು. ಮದುವೆಯಾಗಿರಲಿಲ್ಲ, ಪೀತಮ್‌ಪುರಾದಲ್ಲಿ ಒಬ್ಬರೇ ಇದ್ದರು. "ಅಚ್ಛಾ, ಕನ್ನಡದವಳಾ? ಚಲೋ, ಇನ್ನು ಬೈಯೋಕೆ ಸುಲಭ" ಎಂದು ನಕ್ಕಿದ್ದರು.

ನಮ್ಮಲ್ಲಿಗೆ ಬರುತ್ತಿದ್ದುದು ಪೊಲೀಸ್ ಠಾಣೆಗಳಲ್ಲಿ ವರ್ಷಗಟ್ಟಲೆ ಸೆಕೆಯಲ್ಲಿ ಬೆಂದ ಮೂಳೆ, ರಕ್ತದ ಬಟ್ಟೆ. ಅವುಗಳಲ್ಲಿ ಡಿಎನ್ಎ ಎಷ್ಟು ಉಳಿದಿದೆ, ಎಷ್ಟು ಮುರಿದಿದೆ ಎಂದು ಮೊದಲು ನೋಡಬೇಕು. ಜೆಲ್ ಎಂಬ ಲೋಳೆಪದರದಲ್ಲಿ ವಿದ್ಯುತ್ ಹಾಯಿಸಿ ಹರಿಸಿ ನೋಡಿದರೆ ಚೆನ್ನಾಗಿರುವುದು ಒಂದು ಗೆರೆಯಾಗಿ ಹೊಳೆಯುತ್ತದೆ. ಹಾಳಾದದ್ದು ಕಾಡಿಗೆ ಕರಗಿ ಇಳಿದಂತೆ ಕೆಳಗಿನವರೆಗೂ ಹರಡುತ್ತದೆ. "ಹೊಳಪು ನೋಡಿ ಖುಷಿಪಡಬೇಡ ಮಾರಾಯ್ತಿ. ಮಣ್ಣಿನ ಬ್ಯಾಕ್ಟೀರಿಯಾದ್ದೇ ಜಾಸ್ತಿ ಇರಬಹುದು. ಮನುಷ್ಯರದ್ದು ಎಷ್ಟು, ಅದನ್ನ ಹೇಳು" ಎನ್ನುತ್ತಿದ್ದರು.

ಒಮ್ಮೆ, ಹಿಂದೆಂದೋ ಕಾಲುವೆ ಬದಿಯಲ್ಲಿ ಸಿಕ್ಕಿದ್ದ ಯುವಕನೊಬ್ಬನ ಮೂಳೆಗಳು ಬಂದವು. ಕರೋಲ್ ಬಾಗ್‌ನ ತಾಯಿಯೊಬ್ಬಳು ಕಾಣೆಯಾದ ಮಗನಿಗಾಗಿ ಕಾಯುತ್ತಿದ್ದಳು. ಮೂಳೆಯ ಡಿಎನ್ಎ ಚೂರುಚೂರಾಗಿತ್ತು. ಓದಲು ಸಿಕ್ಕಿದ್ದು ಸ್ವಲ್ಪ. ಅಷ್ಟು ಮಾತ್ರ ತಾಯಿಯ ರಕ್ತಕ್ಕೆ ಹೊಂದುತ್ತಿತ್ತು.

"ಹೊಂದಿದೆಯಲ್ಲ ಮೇಡಂ ಜೀ, ಬರೆದುಬಿಡಿ. ಪಾಪ, ಕ್ರಿಯಾಕರ್ಮ ಮಾಡಿ ನೆಮ್ಮದಿಯಾಗಿರ್ತಾಳೆ" ಎಂದರು ಇನ್ಸ್‌ಪೆಕ್ಟರ್.

"ಇಷ್ಟು ದಾರಿಹೋಕರಿಗೂ ಹೊಂದುತ್ತೆ. ಸ್ಯಾಂಪಲ್ ಹಾಳಾಗಿದೆ, ಹೇಳೋಕಾಗಲ್ಲ ಅಂತಲೇ ಬರೆಯೋದು."

ಇನ್ಸ್‌ಪೆಕ್ಟರ್ ಜೊತೆ ಬಂದಿದ್ದ ಆ ತಾಯಿ ಅಳುತ್ತಾ, "ನಿನಗೆ ಮಕ್ಕಳಿದ್ದಿದ್ದರೆ ಗೊತ್ತಾಗ್ತಿತ್ತು" ಎಂದುಬಿಟ್ಟಳು. ಅಂದು ಮೇಡಂ ಊಟದ ಡಬ್ಬಿ ಮುಟ್ಟಲಿಲ್ಲ.

ಮರುದಿನವೇ ದವಡೆಯಲ್ಲಿ ಉಳಿದಿದ್ದ ಹಲ್ಲೊಂದನ್ನು ಎತ್ತಿಕೊಂಡರು. ಹಲ್ಲಿನ ಒಳಗಿನ ಡಿಎನ್ಎಗೆ ಸೆಕೆ ಅಷ್ಟು ತಟ್ಟಿರುವುದಿಲ್ಲ. ಉದ್ದನೆಯ ತುಂಡುಗಳ ಆಸೆ ಬಿಟ್ಟು ಚಿಕ್ಕವನ್ನು ಹುಡುಕುತ್ತಾ ಹಲವು ತಿಂಗಳು ಹೆಣಗಿದೆವು. ಕೊನೆಗೆ ಸ್ಪಷ್ಟವಾಗಿ ಓದಲು ಬಂತು. ಅವನು ಅವಳ ಮಗನಲ್ಲ.

ಸುದ್ದಿ ಹೇಳಲು ಮೇಡಂ ತಾವೇ ಹೋಗಿ ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕ ಕುಳಿತರು. ಅವಳು ಮೇಡಂ ಕೈ ಹಿಡಿದುಕೊಂಡು, "ಬೇರೆಯವರ ಮಗನಿಗೆ ಪಿಂಡ ಇಡ್ತಿದ್ದೆನಲ್ಲ. ಅವನಮ್ಮ ಕಾಯ್ತಾನೇ ಇರ್ತಿದ್ದಳು" ಎಂದಳು.

ಆ ಹುಡುಗನ ಮೂಳೆಗಳನ್ನು ವಿಲೇವಾರಿ ಮಾಡಲು ಮೇಡಂ ಬಿಡಲಿಲ್ಲ. ಅಕ್ಕಪಕ್ಕದ ಜಿಲ್ಲೆಗಳ ಠಾಣೆಗಳಿಗೆಲ್ಲ ಬರೆದರು. ನಿವೃತ್ತರಾದ ಮೇಲೂ ಫೋನ್ ಮಾಡಿ ಕೇಳುತ್ತಿದ್ದರು: "ಅವನ ಮನೆಯವರು ಬಂದ್ರಾ?" ಒಂದು ಚಳಿಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಅಲ್ಲಿಯವರೆಗೂ ಯಾರೂ ಬಂದಿರಲಿಲ್ಲ.

ಮುಂದಿನ ಬೇಸಿಗೆಗೆ ಮೀರತ್ ಕಡೆಯಿಂದ ವಯಸ್ಸಾದ ದಂಪತಿ ಬಂದರು. ಅವರ ರಕ್ತಕ್ಕೆ ಆ ಹುಡುಗನದ್ದೆಲ್ಲವೂ ಹೊಂದಿತು. ನಾನೂ ಅವರ ಪಕ್ಕದಲ್ಲೇ ಕುಳಿತು ಹೇಳಿದೆ. ಅತ್ತು ಸುಧಾರಿಸಿಕೊಂಡ ಮೇಲೆ ಆ ತಂದೆ, "ಇಷ್ಟು ವರ್ಷ ನಮ್ಮ ಹುಡುಗನನ್ನ ಯಾರು ನೋಡಿಕೊಂಡಿದ್ದರು ಬೇಟಿ?" ಎಂದು ಕೇಳಿದರು. ಮೇಡಂ ವಿಷಯ ಹೇಳಿದೆ.

"ಗಂಗೆಯಲ್ಲಿ ಅವರಿಗೂ ತರ್ಪಣದ ನೀರು ಬಿಡ್ತೀವಿ. ಹೆಸರು ಹೇಳು."

ಹೇಳಿದೆ. ಗೋತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ.

"ನಮ್ಮದೇ ಇರಲಿ ಬಿಡಿ" ಎಂದರು ಹುಡುಗನ ತಾಯಿ.